ಇಟಲಿಯ ‘ಪಿಯಾಚೇರೆ’ : ಒಂದು ಕ್ರಿಯಾಪದದ ಚರಿತ್ರೆ

ಇಂಗ್ಲಿಷಿನ ಮೂಲಕ ಇಟಾಲಿಯನ್ ಭಾಷೆಯನ್ನು ಕಲಿಯಹೊರಟವರು ಮೊದಲ ಕೆಲವು ಪಾಠಗಳಲ್ಲಿಯೇ ಎಡವುವ ಪದವೊಂದುಂಟು. ಅದು ‘ಪಿಯಾಚೇರೆ’ ಎಂಬ ಕ್ರಿಯಾಪದ. ‘ನಾನು ರೊಟ್ಟಿಯನ್ನು ಇಷ್ಟಪಡುತ್ತೇನೆ’ ಎಂಬ ಅಭಿಪ್ರಾಯವನ್ನು ತಿಳಿಸಬೇಕಾದಾಗ ಅವರು ಇಂಗ್ಲಿಷ್ ವಾಕ್ಯದ ಮಾದರಿಯನ್ನೇ ಹಿಡಿದು, ‘ನಾನು’ ಎಂಬುದಕ್ಕೆ ‘ಇಯೊ’ ಎಂದೂ ‘ಇಷ್ಟಪಡುತ್ತೇನೆ’ ಎಂಬುದಕ್ಕೆ ‘ಪಿಯಾಚ್ಚೊ’ ಎಂದೂ ಜೋಡಿಸಿ ‘ಇಯೊ ಪಿಯಾಚ್ಚೊ’ ಎನ್ನುವರು. ಕೇಳಿದ ಇಟಲಿಯವರು ಮುಗುಳ್ನಗುವರು. ಏಕೆಂದರೆ ಆ ಮಾತಿಗೆ ‘ನಾನು ಜನರಿಗೆ ಹಿಡಿಸುವಂಥವನು’ ಎಂದರ್ಥವಾಗುವುದು! ರೊಟ್ಟಿಯನ್ನು ಹೊಗಳಹೋಗಿ ತನ್ನನ್ನೇ ಹೊಗಳಿಕೊಂಡಂತಾಯಿತು.

ಸರಿಯಾದ ವಾಕ್ಯವು ‘ಮಿ ಪಿಯಾಚೆ ಇಲ್ ಪಾನೆ’ ಎಂಬುದು. ‘ಮಿ’ ಎಂದರೆ ‘ನನಗೆ’. ‘ಇಲ್ ಪಾನೆ’ ಎಂದರೆ ರೊಟ್ಟಿ. ‘ಪಿಯಾಚೆ’ ಎಂದರೆ ‘ಹಿಡಿಸುತ್ತದೆ’. ಇಲ್ಲಿ ಕರ್ತೃಪದವು ರೊಟ್ಟಿಯೇ ಹೊರತು ತಿನ್ನುವವನಲ್ಲ. ತಿನ್ನುವವನು ಚತುರ್ಥೀ ವಿಭಕ್ತಿಯಲ್ಲಿ ಸುಮ್ಮನೆ ಕುಳಿತಿರುವನು. ಒಂದೇ ವಸ್ತು ಹಿಡಿಸಿದರೆ ‘ಪಿಯಾಚೆ’. ಹಲವು ವಸ್ತುಗಳು ಹಿಡಿಸಿದರೆ ‘ಪಿಯಾಚ್ಚೊನೊ’. ಇದನ್ನು ಇಂಗ್ಲಿಷ್ ಬಲ್ಲವನಿಗೆ ವಿವರಿಸಲು ಉಪಾಧ್ಯಾಯರು ಬಹಳ ಶ್ರಮಪಡಬೇಕಾಗುವುದು. ಆದರೆ ಕನ್ನಡಿಗರಿಗೆ ಇದರಲ್ಲಿ ವಿವರಿಸಬೇಕಾದುದೇನಿದೆ? ‘ನನಗೆ ಹಣ್ಣು ಹಿಡಿಸುತ್ತದೆ’, ‘ನನಗೆ ಹಣ್ಣುಗಳು ಹಿಡಿಸುತ್ತವೆ’ ಎಂದು ನಾವು ಹುಟ್ಟಿದಂದಿನಿಂದ ಆಡುತ್ತಲೇ ಇರುವೆವು. ‘ಅವನಿಗೆ ಹಾಗಲಕಾಯಿ ಸೇರುವುದಿಲ್ಲ’, ‘ಆಕೆಗೆ ಆ ಮಾತು ಒಪ್ಪಿತು’, ‘ಅವರಿಗೆ ಮನೆ ಮೆಚ್ಚುಗೆಯಾಯಿತು’ ಎಂಬುವೆಲ್ಲ ಇದೇ ಜಾತಿಯ ಮಾತುಗಳು.

ನಮ್ಮ ಸಂಸ್ಕೃತ ವೈಯಾಕರಣರು ಈ ಬಗೆಯ ವಾಕ್ಯವನ್ನು ಬಹು ಪೂರ್ವದಲ್ಲಿಯೇ ಗಮನಿಸಿದ್ದರು. ರುಚಿಸುವುದೆಂಬ ಅರ್ಥವುಳ್ಳ ಧಾತುಗಳ ಪ್ರಯೋಗದಲ್ಲಿ ಯಾರಿಗೆ ಪ್ರೀತಿಯುಂಟಾಗುವುದೋ ಅವರನ್ನು ಸಂಪ್ರದಾನವೆಂದು ತಿಳಿಯತಕ್ಕದ್ದೆಂದು ಪಾಣಿನಿಯು ಪ್ರತ್ಯೇಕವಾಗಿಯೇ ವಿಧಿಸಿರುವನು. ದೇವದತ್ತನಿಗೆ ಮೋದಕವು ರುಚಿಸುವುದೆಂಬ ಉದಾಹರಣೆಯು ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆಲ್ಲ ಪರಿಚಿತವಾದುದು. ಇಟಲಿಯ ಹುಡುಗನಿಗೆ ರೊಟ್ಟಿ ಹಿಡಿಸಿದಾಗಲೂ ವಾಕ್ಯದ ಕಟ್ಟು ಇದೇ.

ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇದ್ದಿತೆಂಬುದನ್ನು ಇಲ್ಲಿ ಹೇಳಬೇಕು. ಈಗ ‘ಲೈಕ್’ ಎನ್ನುವ ಪದವು ಹಳೆಯ ಇಂಗ್ಲಿಷಿನಲ್ಲಿ ‘ಹಿಡಿಸು’ ಎಂಬರ್ಥದಲ್ಲಿ ನಡೆಯುತ್ತಿದ್ದಿತು. ಆಗ ಆ ಜನರೂ ‘ಅವನಿಗೆ ಹಿಡಿಸಿತು’ ಎಂದೇ ಆಡುತ್ತಿದ್ದರು. ಕಾಲಕ್ರಮದಲ್ಲಿ ಆ ಭಾಷೆಯ ವಿಭಕ್ತಿಪ್ರತ್ಯಯಗಳು ಸವೆದುಹೋಗಿ, ಯಾರು ಯಾರಿಗೆ ಎಂಬುದನ್ನು ಪದಗಳ ಸ್ಥಾನದಿಂದಲೇ ಊಹಿಸಬೇಕಾದಾಗ, ವಾಕ್ಯದ ಮೊದಲಲ್ಲಿದ್ದ ಮನುಷ್ಯನು ಕರ್ತೃವಾಗಿ ಬಿಟ್ಟನು. ಇಟಲಿಯವರು ‘ಮಿ’, ‘ತಿ’, ‘ಲ್ಯಿ’, ‘ಲೆ’ ಎಂಬ ಚತುರ್ಥ್ಯರ್ಥದ ಚಿಕ್ಕ ಸರ್ವನಾಮಗಳನ್ನು ಉಳಿಸಿಕೊಂಡುದರಿಂದ ಹಳೆಯ ಕಟ್ಟೂ ಉಳಿಯಿತು. ಹಾಗೆಂದು ಎಲ್ಲ ಕಡೆಯಲ್ಲಿಯೂ ಅವರ ಭಾಷೆ ನಮ್ಮದರಂತಿದೆಯೆಂದು ವಾಚಕರು ತಿಳಿಯಬಾರದು. ನಾವು ‘ನನಗೆ ಹಸಿವಾಗಿದೆ’ ಎನ್ನುವಲ್ಲಿ ಅವರು ‘ಒ ಫಾಮೆ’, ಎಂದರೆ ‘ಹಸಿವನ್ನು ಹೊಂದಿದ್ದೇನೆ’ ಎನ್ನುವರು.

ಇನ್ನು ಪದದ ಮೂಲವನ್ನು ನೋಡೋಣ. ‘ಪಿಯಾಚೇರೆ’ಯ ತಾಯಿ ಲ್ಯಾಟಿನ್ ಭಾಷೆಯ ‘ಪ್ಲಾಕೇರೆ’ ಎಂಬ ಪದ. ಶಾಂತಗೊಳಿಸು, ಒಲಿಸಿಕೊಳ್ಳು ಎಂಬರ್ಥದ ‘ಪ್ಲಾಕಾರೆ’, ಪ್ರಶಾಂತವೆಂಬರ್ಥದ ‘ಪ್ಲಾಕಿದುಸ್’ ಎಂಬುವು ಇದರ ಬಂಧುಗಳು. ಲ್ಯಾಟಿನ್ನಿನಿಂದ ಇಟಾಲಿಯನ್ನಿಗೆ ಬರುವಾಗ ಪದದ ಮೊದಲಲ್ಲಿದ್ದ ‘ಪ್ಲ’ ಎಂಬುದು ‘ಪಿಯ’ ಎಂದಾಯಿತು. ಇದು ಈ ಒಂದೇ ಪದಕ್ಕೆ ಒದಗಿದ ಆಕಸ್ಮಿಕವಲ್ಲ. ತುಂಬಿದ ಎಂಬರ್ಥದ ‘ಪ್ಲೇನುಸ್’ ಪದವು ‘ಪಿಯೇನೊ’ ಆಯಿತು. ಗಿಡವೆಂಬರ್ಥದ ‘ಪ್ಲಾಂತಾ’ ಪದವು ‘ಪಿಯಾಂತಾ’ ಆಯಿತು. ಸಮತಲವೆಂಬರ್ಥದ ‘ಪ್ಲಾನುಸ್’ ಪದವು ‘ಪಿಯಾನೊ’ ಆಗಿ, ಮೆಲ್ಲಗೆ ಎಂಬರ್ಥವನ್ನೂ ಪಡೆದು, ಈಗ ನಮ್ಮವರಿಗೂ ಪರಿಚಿತವಾದ ಪಿಯಾನೊ ವಾದ್ಯದ ಹೆಸರಿನಲ್ಲಿ ಸೇರಿಕೊಂಡಿದೆ. ಹಳಗನ್ನಡದ ಪಾಲ್, ಪೂ, ಪಣ್, ಪೆಸರ್ ಎಂಬುವು ಹಾಲು, ಹೂ, ಹಣ್ಣು, ಹೆಸರು ಎಂದಾದಂತೆ ಇದೂ ಸಾಲಾಗಿ ನಡೆದ ಮಾರ್ಪಾಟು.

ಎರಡನೆಯ ಬದಲಾವಣೆ ‘ಕ’ಕಾರದ್ದು. ‘ಇ’ ‘ಎ’ ಸ್ವರಗಳ ಮುಂದೆ ನಿಂತ ‘ಕ’ಕಾರವು ಇಟಾಲಿಯನ್ನಿನಲ್ಲಿ ‘ಚ’ಕಾರವಾಯಿತು, ‘ಪ್ಲಾಕೆತ್’ ಎಂಬುದು ‘ಪಿಯಾಚೆ’ ಆಯಿತು. ಇದಕ್ಕೂ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಾವು ‘ಕಿವಿ’ ಎನ್ನುವುದನ್ನು ತೆಲುಗರು ‘ಚೆವಿ’ ಎನ್ನುವರು. ನಮ್ಮ ‘ಕೈ’ ಅವರಲ್ಲಿ ‘ಚೆಯ್ಯಿ’. ಈ ವಿಷಯದಲ್ಲಿ ಕನ್ನಡವು ಲ್ಯಾಟಿನ್ನಿನಂತೆ ಹಳೆಯದನ್ನು ಹಿಡಿದುಕೊಂಡಿತು. ತೆಲುಗು ಇಟಾಲಿಯನ್ನಿನಂತೆ ಮುಂದಕ್ಕೆ ನಡೆಯಿತು.

ವರ್ತಮಾನಕಾಲದಲ್ಲಿ ಈ ಕ್ರಿಯಾಪದಕ್ಕೆ ಆರು ರೂಪಗಳು. ಪಿಯಾಚ್ಚೊ, ಹಿಡಿಸುತ್ತೇನೆ, ಪಿಯಾಚಿ, ಹಿಡಿಸುತ್ತೀಯೆ, ಪಿಯಾಚೆ, ಹಿಡಿಸುತ್ತಾನೆ, ಹಿಡಿಸುತ್ತಾಳೆ, ಹಿಡಿಸುತ್ತದೆ, ಪಿಯಾಚ್ಚಾಮೊ, ಹಿಡಿಸುತ್ತೇವೆ, ಪಿಯಾಚೇತೆ, ಹಿಡಿಸುತ್ತೀರಿ, ಪಿಯಾಚ್ಚೊನೊ, ಹಿಡಿಸುತ್ತಾರೆ ಅಥವಾ ಹಿಡಿಸುತ್ತವೆ. ಇವುಗಳಲ್ಲಿ ಕೆಲವಕ್ಕೆ ಒತ್ತಕ್ಷರವಿದ್ದು ಕೆಲವಕ್ಕೆ ಇಲ್ಲದಿರುವುದು ಕಲಿಯುವವರಿಗೆ ಗೊಂದಲವಾಗಿ ಕಾಣಬಹುದು. ಕಾರಣವಿಷ್ಟೆ: ಲ್ಯಾಟಿನ್ನಿನ ‘ಪ್ಲಾಕೆಓ’ ಎಂಬಲ್ಲಿ ಎರಡು ಸ್ವರಗಳು ಕೂಡಿದಾಗ ನಡುವಣ ‘ಎ’ಕಾರವು ‘ಯ’ಕಾರವಾಗಿ, ತನ್ನ ಹಿಂದಿನ ವ್ಯಂಜನವನ್ನು ಇಮ್ಮಡಿಗೊಳಿಸಿತು. ಸ್ವರಗಳು ಹಾಗೆ ಕೂಡದೆಡೆಯಲ್ಲಿ ವ್ಯಂಜನವು ಒಂಟಿಯಾಗಿಯೇ ಉಳಿಯಿತು.

ಕಥೆಗಳಲ್ಲಿಯೂ ಚರಿತ್ರೆಗಳಲ್ಲಿಯೂ ಬರುವ ಭೂತಕಾಲದ ರೂಪವು ಇನ್ನೂ ವಿಚಿತ್ರವಾದುದು: ‘ಪಿಯಾಕ್ಕ್ವೆ’, ಎಂದರೆ ‘ಹಿಡಿಸಿತು’. ಲ್ಯಾಟಿನ್ನಿನ ‘ಪ್ಲಾಕುಇತ್’ ಎಂಬುದರ ‘ಉ’ಕಾರವು ‘ವ’ಕಾರವಾಗಿ ‘ಕ’ಕಾರವನ್ನು ಇಮ್ಮಡಿಸಿದುದರಿಂದ ಈ ರೂಪ ಬಂದಿತು. ಮುಂದೆ ‘ಎ’ಕಾರ ‘ಇ’ಕಾರಗಳು ನೇರವಾಗಿ ತಗುಲದೆ ‘ವ’ಕಾರವು ಅಡ್ಡ ನಿಂತುದರಿಂದ ‘ಕ’ಕಾರವು ‘ಚ’ಕಾರವಾಗದೆ ಬದುಕಿತು. ಆಡುಮಾತಿನ ಭೂತಕಾಲವು ಬೇರೆ ಬಗೆಯದು. ‘ಮಿ ಎ ಪಿಯಾಚೂತೊ ಇಲ್ ಲಿಬ್ರೊ’ ಎಂದರೆ ‘ನನಗೆ ಪುಸ್ತಕವು ಹಿಡಿಸಿತು’. ಇಟಾಲಿಯನ್ನಿನಲ್ಲಿ ಪುಸ್ತಕವು ಪುಲ್ಲಿಂಗ, ಮನೆಯು ಸ್ತ್ರೀಲಿಂಗ. ಆದುದರಿಂದ ಮನೆ ಹಿಡಿಸಿದರೆ ‘ಪಿಯಾಚೂತಾ’, ಪುಸ್ತಕಗಳು ಹಿಡಿಸಿದರೆ ‘ಪಿಯಾಚೂತಿ’, ಮನೆಗಳು ಹಿಡಿಸಿದರೆ ‘ಪಿಯಾಚೂತೆ’. ಹಿಡಿಸಿದುದು ಯಾರಿಗೆ ಎಂಬುದರಿಂದ ಕ್ರಿಯಾಪದದಲ್ಲಿ ಯಾವ ಮಾರ್ಪಾಟೂ ಆಗುವುದಿಲ್ಲ; ಹಿಡಿಸಿದುದು ಏನು ಎಂಬುದೇ ಅಲ್ಲಿ ಮುಖ್ಯ. ‘ಪಿಯಾಚೆರೆಬ್ಬೆ’ ಎಂಬ ಇನ್ನೊಂದು ರೂಪವುಂಟು. ನಮ್ಮ ‘ಹಿಡಿಸೀತು’ ಎಂಬ ಸಂಭಾವನಾರ್ಥಕ್ಕೆ ಅದು ಸಮೀಪವಾದುದು. ಮರ್ಯಾದೆಯಿಂದ ಆಸೆಯನ್ನು ತಿಳಿಸುವಾಗ ಇಟಲಿಯವರು ಇದನ್ನೇ ಬಳಸುವರು.

ರೂಪಗಳ ಮಾತು ಇಷ್ಟಿರಲಿ. ಈ ಪದದ ಅರ್ಥವು ನಡೆದುಬಂದ ದಾರಿ ಇನ್ನೂ ಸ್ವಾರಸ್ಯವಾದುದು. ಪ್ರಾಚೀನ ರೋಮಿನಲ್ಲಿ ‘ಪ್ಲಾಕೇರೆ’ಯು ಊಟದ ರುಚಿಗೆ ಮಾತ್ರ ಸಂಬಂಧಿಸಿದ ಪದವಾಗಿರಲಿಲ್ಲ, ಅದು ಅಧಿಕಾರದ ಭಾಷೆಯೂ ಆಗಿದ್ದಿತು. ಸೆನೆಟ್ ಸಭೆಗೆ ಒಂದು ವಿಷಯವು ‘ಹಿಡಿಸಿತು’ ಎಂದರೆ ಅದು ನಿರ್ಣಯವಾಯಿತೆಂದೇ ಅರ್ಥ. ಗಣರಾಜ್ಯವು ಹೋಗಿ ಚಕ್ರವರ್ತಿಗಳ ಆಳ್ವಿಕೆ ಬಂದ ಮೇಲೆ, ಪ್ರಭುವಿಗೆ ಹಿಡಿಸಿದುದಕ್ಕೆ ಶಾಸನದ ಬಲವುಂಟೆಂದು ಉಲ್ಪಿಯನ್ ಎಂಬ ನ್ಯಾಯಶಾಸ್ತ್ರಜ್ಞನು ಇದೇ ಕ್ರಿಯಾಪದದಿಂದ ಸಿದ್ಧಾಂತ ಮಾಡಿದನು. ಕ್ರಿ.ಶ. ೫೩೩ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಹೊರಡಿಸಿದ ನ್ಯಾಯಸಂಗ್ರಹದಲ್ಲಿ ಆ ಮಾತು ಸೇರಿ, ಯೂರೋಪಿನ ಎಷ್ಟೋ ದೊರೆಗಳಿಗೆ ಶತಮಾನಗಳವರೆಗೆ ಆಧಾರವಾಯಿತು.

ಕ್ರೈಸ್ತಮಂಡಲಿಯ ಮಹಾಸಭೆಗಳಲ್ಲಿಯೂ ಸಮ್ಮತಿಯನ್ನು ಸೂಚಿಸಲು ‘ಪ್ಲಾಕೆತ್’ ಎಂದೂ ಅಸಮ್ಮತಿಯನ್ನು ಸೂಚಿಸಲು ‘ನೋನ್ ಪ್ಲಾಕೆತ್’ ಎಂದೂ ಹೇಳುವ ಪದ್ಧತಿಯುಂಟು. ಅಂಥಲ್ಲಿ ಇದರ ಉಚ್ಚಾರ ಇಟಲಿಯವರ ರೀತಿಯಲ್ಲಿ ‘ಪ್ಲಾಚೆತ್’ ಎಂದು. ೧೮೭೦ರ ಜುಲೈ ೧೮ರಂದು ರೋಮಿನ ವ್ಯಾಟಿಕನ್ ಸಭೆಯಲ್ಲಿ, ಪೋಪರು ಧರ್ಮಪೀಠದಿಂದ ವಿಧಿಸುವ ಸಿದ್ಧಾಂತದಲ್ಲಿ ದೋಷವಿರಲಾರದೆಂಬ ನಿರ್ಣಯಕ್ಕೆ ೫೩೩ ಮಂದಿ ‘ಹಿಡಿಸುತ್ತದೆ’ ಎಂದರು. ಇಬ್ಬರು ಮಾತ್ರ ‘ಹಿಡಿಸುವುದಿಲ್ಲ’ ಎಂದರು. ‘ಹಿಡಿಸುತ್ತದೆ’ ಎಂಬ ಮಾತಿಗೆ ಎಷ್ಟು ಭಾರವಿರಬಹುದೆಂಬುದು ಇದರಿಂದ ತಿಳಿಯುವುದು.

ಇದೇ ಧಾತುವಿನ ‘ಪ್ಲಾಕಿತುಮ್’ ಎಂಬ ರೂಪವು, ‘ಹಿಡಿಸಿದುದು’ ಎಂಬರ್ಥದಿಂದ ‘ತೀರ್ಮಾನವಾದುದು’ ಎಂಬರ್ಥಕ್ಕೆ ತಿರುಗಿ, ಮಧ್ಯಯುಗದಲ್ಲಿ ನ್ಯಾಯಸಭೆಗೂ ಅಲ್ಲಿಯ ತೀರ್ಪಿಗೂ ಹೆಸರಾಯಿತು. ಇಟಲಿಯಲ್ಲಿ ಅದನ್ನು ‘ಪ್ಲಾಚಿತೊ’ ಎನ್ನುವರು. ಕ್ರಿ.ಶ. ೯೬೦ರ ಮಾರ್ಚ್ ತಿಂಗಳಲ್ಲಿ ಕಾಪುವಾ ನಗರದ ನ್ಯಾಯಸಭೆಯಲ್ಲಿ ಮಾಂಟೆ ಕಸ್ಸೀನೊ ಮಠದ ಭೂಮಿಯ ವಿಷಯವಾಗಿ ವ್ಯಾಜ್ಯವೊಂದು ನಡೆಯಿತು. ಆ ಭೂಮಿಯು ಮೂವತ್ತು ವರ್ಷಗಳಿಂದ ಮಠದ ಸ್ವಾಧೀನದಲ್ಲಿದ್ದಿತೆಂದು ಸಾಕ್ಷಿಗಳು ನುಡಿದ ಮಾತನ್ನು ಬರಹಗಾರನು ಲ್ಯಾಟಿನ್ನಿನಲ್ಲಿ ಬರೆಯದೆ ಜನರ ಆಡುಮಾತಿನಲ್ಲಿಯೇ ದಾಖಲೆ ಮಾಡಿದನು. ಇಟಲಿಯ ದೇಶಭಾಷೆಯು ಬರವಣಿಗೆಯಲ್ಲಿ ಮೊದಲಿಗೆ ಸ್ಪಷ್ಟವಾಗಿ ಕಾಣಿಸಿಕೊಂಡುದು ಈ ಪತ್ರದಲ್ಲಿಯೇ ಎಂದು ಸಾಮಾನ್ಯವಾಗಿ ಎಣಿಸುವರು. ಅದನ್ನು ‘ಕಾಪುವಾದ ಪ್ಲಾಚಿತೊ’ ಎಂದು ಕರೆಯುವರು. ಹೀಗೆ ಇಟಾಲಿಯನ್ ಭಾಷೆಯ ಜನ್ಮಪತ್ರಿಕೆಗೇ ನಮ್ಮ ಕ್ರಿಯಾಪದದ ಹೆಸರು ಅಂಟಿಕೊಂಡಿದೆ.

‘ಪ್ಲಾಕಿತುಮ್’ ಪದವು ಫ್ರಾನ್ಸಿನ ಮಾರ್ಗವಾಗಿ ಇಂಗ್ಲೆಂಡಿಗೆ ಹೋಗಿ, ನ್ಯಾಯಾಲಯದಲ್ಲಿ ವಾದಿಸುವುದೆಂಬರ್ಥದ ‘ಪ್ಲೀಡ್’ ಪದವಾಯಿತು. ಅಲ್ಲಿಂದ ಬಂದುದೇ ನಮ್ಮ ಜಿಲ್ಲಾ ತಾಲ್ಲೂಕು ಕಚೇರಿಗಳ ಬೀದಿಗಳಲ್ಲಿ ಬೋರ್ಡುಗಳ ಮೇಲೆ ಮೆರೆದ ‘ಪ್ಲೀಡರು’ ಎಂಬ ಪದ. ನಮ್ಮ ಹಿರಿಯರು ಪ್ಲೀಡರ ಮನೆಗೆ ಅಲೆದಾಗ ಅವರಿಗರಿಯದೆಯೇ ಇಟಲಿಯ ರೊಟ್ಟಿಯ ಮಾತಿಗೆ ಬಂಧುವಾದ ಪದವನ್ನು ಆಡುತ್ತಿದ್ದರು!

ಫ್ರೆಂಚಿನ ಮೂಲಕವೇ ಇಂಗ್ಲಿಷಿಗೆ ಬಂದ ಇನ್ನೊಂದು ಪದ ‘ಪ್ಲೆಷರ್’. ಸುಖ, ಸಂತೋಷ ಎಂಬ ಅರ್ಥಗಳ ಜತೆಗೆ ದೊರೆಯ ಇಚ್ಛೆ ಎಂಬ ಅರ್ಥವೂ ಅದಕ್ಕೆ ಸೇರಿಕೊಂಡಿತು. ದೊರೆಗೆ ಇಷ್ಟವಿರುವವರೆಗೆ ಮಾತ್ರ ಅಧಿಕಾರಿಗೆ ಹುದ್ದೆ ಎಂಬುದು ಇಂಗ್ಲೆಂಡಿನ ಹಳೆಯ ನಿಯಮ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿಯೂ ಅದರ ಕುರುಹು ಉಳಿದಿದೆ. ರಾಜ್ಯಪಾಲರು ರಾಷ್ಟ್ರಪತಿಗಳ ‘ಪ್ಲೆಷರ್’ ಇರುವವರೆಗೆ ಅಧಿಕಾರದಲ್ಲಿರತಕ್ಕದ್ದೆಂದು ೧೫೬ನೆಯ ಅನುಚ್ಛೇದವು ಹೇಳುತ್ತದೆ. ರಾಷ್ಟ್ರದ ನಾಗರಿಕ ಸೇವೆಯಲ್ಲಿರುವವರಿಗೆ ೩೧೦ನೆಯ ಅನುಚ್ಛೇದವು ಅದನ್ನೇ ವಿಧಿಸುತ್ತದೆ. ಆದರೆ ಅದರ ಮುಂದಿನ ಅನುಚ್ಛೇದವೇ, ಆರೋಪವನ್ನು ತಿಳಿಸದೆಯೂ ಉತ್ತರ ಹೇಳಲು ಅವಕಾಶ ಕೊಡದೆಯೂ ಅಂತಹವರನ್ನು ಸಾಧಾರಣವಾಗಿ ತೆಗೆದುಹಾಕಬಾರದೆಂದು ಆ ಇಚ್ಛೆಗೆ ಕಟ್ಟುಹಾಕಿದೆ. ಒಬ್ಬರಿಗೆ ಹಿಡಿಸಿದುದೇ ಕಾನೂನೆಂಬ ರೋಮಿನ ಮಾತಿಗೂ ಈ ಕಟ್ಟಿಗೂ ನಡುವೆ ಮನುಷ್ಯರು ಬಹು ದೂರ ನಡೆದುಬರಬೇಕಾಯಿತು.

ಆಶ್ಚರ್ಯವೇನೆಂದರೆ, ಅಪ್ಪಣೆಯ ಮಾತಾಗಿದ್ದ ಈ ಪದವೇ ವಿನಯದ ಮಾತೂ ಆಯಿತು. ಫ್ರಾನ್ಸಿನವರು ಏನನ್ನಾದರೂ ಕೇಳಿಕೊಳ್ಳುವಾಗ ‘ತಮಗೆ ಹಿಡಿಸಿದರೆ’ ಎಂದು ಸೇರಿಸುವರು. ಇಂಗ್ಲಿಷಿನವರ ‘ಪ್ಲೀಸ್’ ಎಂಬುದೂ ಅಂತಹುದೇ ದೀರ್ಘವಾಕ್ಯದ ಉಳಿದ ತುಣುಕು. ಇಟಲಿಯವರು ‘ಪೆರ್ ಪಿಯಾಚೇರೆ’ ಎನ್ನುವರು. ದಯವಿಟ್ಟು ಎಂದು ಅದರ ತಾತ್ಪರ್ಯ. ಅಲ್ಲಿ ‘ಪಿಯಾಚೇರೆ’ಯು ನಾಮಪದವೂ ಆಗಿ, ಸುಖ, ಸಂತೋಷ, ಉಪಕಾರ ಎಂಬ ಅರ್ಥಗಳನ್ನು ಕೊಡುವುದು. ಹೊಸಬರ ಪರಿಚಯವಾದಾಗ ಕೈಕುಲುಕಿ ‘ಪಿಯಾಚೇರೆ’ ಎಂದಷ್ಟೇ ಹೇಳುವುದುಂಟು. ‘ತಮ್ಮನ್ನು ಕಂಡು ಸಂತೋಷ’ ಎಂದರ್ಥ. ‘ನನಗೊಂದು ಪಿಯಾಚೇರೆ ಮಾಡು’ ಎಂದರೆ ‘ಒಂದು ಉಪಕಾರ ಮಾಡು’ ಎಂದಾಗುವುದು. ಅದನ್ನೇ ಸ್ವರವೇರಿಸಿ ಹೇಳಿದರೆ, ನಾವು ‘ದೊಡ್ಡ ಉಪಕಾರವಾಯಿತು, ಹೋಗು’ ಎನ್ನುವಂತೆ, ಬೈಗುಳವೂ ಆಗಬಹುದು.

ದುಃಖವನ್ನು ತಿಳಿಸುವುದಕ್ಕೂ ಇದೇ ಧಾತು. ‘ಮಿ ದಿಸ್ಪಿಯಾಚೆ’ ಎಂದರೆ ಅಕ್ಷರಶಃ ‘ನನಗೆ ಹಿಡಿಸದು’ ಎಂದಿದ್ದರೂ, ವಾಡಿಕೆಯಲ್ಲಿ ‘ನನಗೆ ವ್ಯಸನವಾಗಿದೆ, ಕ್ಷಮಿಸಬೇಕು’ ಎಂದರ್ಥ. ಬೀದಿಯಲ್ಲಿ ಒಬ್ಬರ ಕಾಲು ತುಳಿದರೂ ಇದನ್ನು ಹೇಳುವರು. ಸಾವಿನ ಮನೆಯಲ್ಲಿಯೂ ಇದನ್ನೇ ಹೇಳುವರು. ಬರಿಯ ‘ಹಿಡಿಸಲಿಲ್ಲ’ ಎನ್ನಬೇಕಾದರೆ ‘ನೋನ್ ಮಿ ಪಿಯಾಚೆ’ ಎಂದು ಬೇರೆಯಾಗಿ ಹೇಳಬೇಕು. ಇವೆರಡನ್ನು ಬೆರಸಿದರೆ ದುಃಖದಲ್ಲಿರುವವರ ಮುಂದೆ ಅಸಮಾಧಾನವನ್ನು ತೋರಿದಂತಾದೀತು.

ಮನುಷ್ಯರ ವಿಷಯದಲ್ಲಿಯೂ ಅವರು ಮಾತುಗಳನ್ನು ಅಳೆದು ಬಳಸುವರು. ‘ಮಿ ಪಿಯಾಚಿ’, ‘ನೀನು ನನಗೆ ಹಿಡಿಸುತ್ತೀಯೆ’ ಎಂಬುದು ಮನಸ್ಸು ಒಲಿಯುತ್ತಿರುವುದರ ಸೂಚನೆ. ‘ತಿ ಆಮೊ’ ಎಂಬುದು ಪ್ರಣಯಿಗಳ ಗಾಢವಾದ ಮಾತು. ತಾಯಿಯು ಮಗುವಿಗೆ ಸಾಮಾನ್ಯವಾಗಿ ಹೇಳುವುದು ಇವೆರಡನ್ನೂ ಅಲ್ಲ. ‘ತಿ ವೊಲ್ಯೊ ಬೇನೆ’ ಎಂದು, ಎಂದರೆ ‘ನಿನ್ನ ಒಳ್ಳೆಯದನ್ನು ಬಯಸುತ್ತೇನೆ’ ಎಂದು. ಹಿಡಿಸುವುದು ತಾನಾಗಿ ಬರುವುದು. ಒಳ್ಳೆಯದನ್ನು ಬಯಸುವುದು ನಾವಾಗಿ ಮಾಡುವುದು. ಈ ಕಾಲದ ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯನ್ನು ಸೂಚಿಸುವ ಗುಂಡಿಗೂ ಇಟಲಿಯಲ್ಲಿ ‘ಮಿ ಪಿಯಾಚೆ’ ಎಂದೇ ಹೆಸರು. ‘ನನಗೆ ನೂರು ಮಿ ಪಿಯಾಚೆ ಬಂದುವು’ ಎಂದು ಎಣಿಸುವವರೂ ಉಂಟು.

ಇಷ್ಟನ್ನೂ ನಾವು ವಾಚಕರ ಮುಂದಿಟ್ಟುದು ಕೇವಲ ಪದಕುತೂಹಲಕ್ಕಾಗಿಯಲ್ಲ. ಪರದೇಶದ ಭಾಷೆಗಳನ್ನು ಕಲಿಯುವ ನಮ್ಮ ಮಕ್ಕಳು ಎಲ್ಲವನ್ನೂ ಇಂಗ್ಲಿಷಿನ ಬಾಗಿಲಿನಿಂದಲೇ ಹೊಕ್ಕು ಕಷ್ಟಪಡುವುದುಂಟು. ತಾಯ್ನುಡಿಯ ಬಾಗಿಲು ಕೆಲವೆಡೆ ಹೆಚ್ಚು ಹತ್ತಿರವಾಗಿರುವುದೆಂಬುದಕ್ಕೆ ಈ ಕ್ರಿಯಾಪದವು ಒಳ್ಳೆಯ ಸಾಕ್ಷಿ. ಮಕ್ಕಳು ಕಲಿಯುವಾಗ ‘ಇದನ್ನು ಕನ್ನಡದಲ್ಲಿ ಹೇಗೆ ಹೇಳುವೆ?’ ಎಂದು ಮನೆಯವರು ಒಮ್ಮೆ ಕೇಳಿದರೆ ಎಷ್ಟೋ ಗಂಟುಗಳು ತಾವಾಗಿ ಸಡಿಲುವುವು.

ಎರಡನೆಯ ಮಾತು ಗೃಹಸ್ಥರಿಗೇ ಸಂಬಂಧಿಸಿದುದು. ಈ ಧಾತುವಿನ ಎರಡು ಮುಖಗಳನ್ನು ನಾವು ನೋಡಿದೆವು. ‘ನನಗೆ ಹಿಡಿಸಿತು, ಆದುದರಿಂದ ಹಾಗೆಯೇ ನಡೆಯತಕ್ಕದ್ದು’ ಎಂಬುದು ಚಕ್ರವರ್ತಿಯ ಮುಖ, ‘ನಿಮಗೆ ಹಿಡಿಸುತ್ತದೆಯೆ?’ ಎಂಬುದು ನೆರೆಯವನ ಮುಖ. ಮನೆಗಳಲ್ಲಿಯೂ ಈ ಎರಡು ಪ್ರಯೋಗಗಳು ಪ್ರತಿದಿನ ನಡೆಯುತ್ತಿರುವುವು. ಯಜಮಾನನಿಗೆ ಹಿಡಿಸಿದ ವರನೇ ಮಗಳಿಗೆ ಗಂಡನಾಗುವನು. ತಂದೆಗೆ ಹಿಡಿಸಿದ ವಿದ್ಯೆಯೇ ಮಗನ ಜೀವನವಾಗುವುದು. ಮಕ್ಕಳಿಗೆ ಅನುಕೂಲವೆಂದು ತೋರಿದ ಊರಿಗೇ ಮುಪ್ಪಿನ ತಾಯಿತಂದೆಗಳು ಹೋಗಬೇಕಾಗುವುದು. ಅಡುಗೆ ಮಾಡಿದಾಕೆಯು ಬಡಿಸುತ್ತ ಎಲ್ಲರನ್ನೂ ‘ರುಚಿಯಾಗಿದೆಯೆ?’ ಎಂದು ವಿಚಾರಿಸುವಳು. ಆಕೆಗೆ ಯಾವ ಪಲ್ಯ ಸೇರುವುದೆಂಬುದನ್ನು ಇಪ್ಪತ್ತು ವರ್ಷ ಸಂಸಾರ ಮಾಡಿದವರೂ ಹೇಳಲಾರರು.

ಇಟಲಿಯವರು ಹಿರಿಯರನ್ನು ‘ಲೆ ಪಿಯಾಚೆ?’ ಎಂದೂ, ಸಲಿಗೆಯವರನ್ನು ‘ತಿ ಪಿಯಾಚೆ?’ ಎಂದೂ ಕೇಳುವರು. ನಮ್ಮಲ್ಲಿಯೂ ‘ತಮಗೆ ಹಿಡಿಸಿತೆ?’, ‘ನಿನಗೆ ಹಿಡಿಸಿತೆ?’ ಎಂಬ ಮಾತುಗಳಿಗೆ ಕೊರತೆಯಿಲ್ಲ. ಕೇಳುವ ಅಭ್ಯಾಸಕ್ಕೆ ಮಾತ್ರ ಕೊರತೆ. ಚತುರ್ಥೀ ವಿಭಕ್ತಿಯಲ್ಲಿ ಇರುವವರು ತಾವಾಗಿ ಬಾಯಿ ತೆರೆಯುವುದು ಕಡಮೆ. ಕೇಳಿದರೆ ಹೇಳುವರು, ಹೇಳಿದ ಮೇಲೆ ಅದರಂತೆ ನಡೆಯುವುದು ಕೆಲವು ಸಲ ಅಸಾಧ್ಯವಾದರೂ, ಕೇಳಿದರೆಂಬ ಸಮಾಧಾನವಾದರೂ ಅವರಿಗೆ ಉಳಿಯುವುದು.